ಹೊರಗಿನ ಬೋರ್ಡು ಕನ್ನಡ, ಒಳಗಿನ ಬೋರ್ಡು ಎಲ್ಲಿ?



ಬೋರ್ಡಿನ ಜಗಳ ನಮಗೆ ಹೊಸದಲ್ಲ. 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಫಲಕಗಳು ನೆಲಕ್ಕುರುಳಿದವು. ಕಾರ್ಯಕರ್ತರು ಜೈಲು ಸೇರಿದರು. 2024ರಲ್ಲಿ ಸರಕಾರ ಕಾಯ್ದೆ ತಿದ್ದಿ, ನಾಮಫಲಕದ ಶೇಕಡಾ 60 ಭಾಗ ಕನ್ನಡವೇ ಇರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದು ಬರೆದುಕೊಟ್ಟಿತು. ಈಗ ಖಡೇಬಜಾರಿನಲ್ಲಿ ನಿಂತು ಯಾವ ಬೋರ್ಡಿನಲ್ಲಿ ಕನ್ನಡ 60 ಇದೆ, ಯಾವುದರಲ್ಲಿ 40 ಇದೆ ಎಂದು ಕಣ್ಣಳತೆಯಲ್ಲೇ ಹೇಳುವ ಹುಡುಗರು ನಮ್ಮಲ್ಲಿದ್ದಾರೆ. ಒಳ್ಳೆಯದೇ ಆಯಿತು. ಕನ್ನಡದ ನೆಲದಲ್ಲಿ ಕನ್ನಡ ಕಾಣಬೇಕು.

ಆದರೆ ಅದೇ ಅಂಗಡಿ, ಅದೇ ಕಾರ್ಖಾನೆ, ಅದೇ ಬ್ಯಾಂಕಿನ ಒಳಗೋಡೆಯ ಮೇಲೆ ಇನ್ನೊಂದು ಬೋರ್ಡು ಇರಬೇಕೆಂದು ಕಾನೂನು ಹೇಳಿ ಹತ್ತು ವರ್ಷ ಮೀರಿತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ ಕಾಯ್ದೆ ಜಾರಿಗೆ ಬಂದದ್ದು 2013ರ ಡಿಸೆಂಬರ್ 9ರಂದು. ಅದರ 19ನೇ ಕಲಂ ಪ್ರಕಾರ ಮಾಲೀಕ ಎನಿಸಿಕೊಂಡವನು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಎರಡು ಸಂಗತಿ ಹಾಕಬೇಕು. ಕಿರುಕುಳ ಕೊಟ್ಟವನಿಗೆ ಏನು ಶಿಕ್ಷೆ ಎಂಬುದು ಒಂದು. ದೂರು ಕೇಳುವ ಸಮಿತಿಯನ್ನು ನೇಮಿಸಿದ ಆದೇಶ ಇನ್ನೊಂದು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆ ಆ ಸಮಿತಿ ಇರಲೇಬೇಕು. ಇಲ್ಲದಿದ್ದರೆ 50,000 ರೂಪಾಯಿಯವರೆಗೆ ದಂಡ.

ಹೊರಗಿನ ಬೋರ್ಡು ನೋಡಲು ಬೀದಿಗಿಳಿದ ನಮ್ಮಲ್ಲಿ ಎಷ್ಟು ಜನ ಒಳಗೆ ಹೋಗಿ ಈ ಬೋರ್ಡು ಹುಡುಕಿದ್ದೇವೆ? ಇದ್ದರೆ ಅದು ಯಾವ ಭಾಷೆಯಲ್ಲಿದೆ ಎಂದು ಕೇಳಿದ್ದೇವೆಯೇ?

ಬೆಳಗಾವಿಯ ಮಟ್ಟಿಗೆ ಈ ಮಾತನ್ನು ಸುವರ್ಣಸೌಧದಿಂದಲೇ ಶುರು ಮಾಡಬೇಕು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ ಆ ಕಟ್ಟಡವನ್ನು ನಾವು ಗಡಿಯಲ್ಲಿ ನೆಟ್ಟ ಕನ್ನಡದ ಬಾವುಟ ಎಂದು ಹೆಮ್ಮೆಯಿಂದ ಕರೆದವರು. ಬಾವುಟ ಹೌದು. ಆದರೆ ಅದು ನೂರಾರು ಜನ ದುಡಿಯುವ ಜಾಗವೂ ಹೌದು. ಅಧಿವೇಶನ ನಡೆದಾಗ ಅಲ್ಲಿ ಕಸ ಗುಡಿಸುವ ಅಕ್ಕಂದಿರಿರುತ್ತಾರೆ, ಟೈಪು ಮಾಡುವ ಹುಡುಗಿಯರಿರುತ್ತಾರೆ, ಬಂದೋಬಸ್ತಿನ ಮಹಿಳಾ ಪೇದೆಯರಿರುತ್ತಾರೆ. ಶಾಸಕಿಯರೂ ಇರುತ್ತಾರೆ, ಬೆರಳೆಣಿಕೆಯಷ್ಟು. 2023ರ ಚುನಾವಣೆಯಲ್ಲಿ 224 ಕ್ಷೇತ್ರಗಳಿಂದ ಗೆದ್ದ ಹೆಣ್ಣುಮಕ್ಕಳು 10 ಮಂದಿ. ಆಗ ರಚನೆಯಾದ 34 ಮಂದಿಯ ಸಂಪುಟದಲ್ಲಿ ಹೆಣ್ಣು ಒಬ್ಬರೇ, ಬೆಳಗಾವಿ ಗ್ರಾಮೀಣದ ಲಕ್ಷ್ಮೀ ಹೆಬ್ಬಾಳಕರ.

ಇಂಥ ಮನೆಯಲ್ಲಿ ಏನೇನು ನಡೆದಿದೆ, ನೆನಪು ಮಾಡಿಕೊಳ್ಳಿ.

2021ರ ಡಿಸೆಂಬರ್ 16. ಅತಿವೃಷ್ಟಿಯಲ್ಲಿ ಬೆಳೆ ಕಳೆದುಕೊಂಡ ರೈತರ ಬಗ್ಗೆ ಮಾತಾಡಲು ಎಲ್ಲರೂ ಸಮಯ ಕೇಳುತ್ತಿದ್ದಾರೆ. ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ತಮ್ಮ ಅಸಹಾಯಕತೆ ಹೇಳಿಕೊಂಡರು. ಆಗ ಹಿಂದೆ ಅದೇ ಪೀಠದಲ್ಲಿ ಕೂತಿದ್ದ ಕಾಂಗ್ರೆಸ್ಸಿನ ರಮೇಶ್ ಕುಮಾರ್ ಎದ್ದು, ಅತ್ಯಾಚಾರ ತಪ್ಪಿಸಲಾಗದಿದ್ದರೆ ಮಲಗಿ ಅನುಭವಿಸು ಎಂಬರ್ಥದ ಗಾದೆಯೊಂದನ್ನು ಹೇಳಿದರು. ಪೀಠ ನಕ್ಕಿತು. ಸದನದಲ್ಲೂ ನಗೆ ಕೇಳಿತು. ರೈತನ ಬೆಳೆಹಾನಿಗೂ ಈ ಮಾತಿಗೂ ಏನು ಸಂಬಂಧ ಎಂದು ಆ ಗಳಿಗೆಯಲ್ಲಿ ಯಾವ ಗಂಡಸೂ ಎದ್ದು ಕೇಳಲಿಲ್ಲ.

ಕೇಳಿದವರು ಹೆಣ್ಣುಮಕ್ಕಳು. ಖಾನಾಪುರದ ಆಗಿನ ಶಾಸಕಿ, ವೈದ್ಯೆ ಅಂಜಲಿ ನಿಂಬಾಳಕರ ತಮ್ಮ ಪಕ್ಷದ ಹಿರಿಯ ಎಂದು ನೋಡಲಿಲ್ಲ, ಸದನವೇ ಹೆಣ್ಣುಕುಲದ ಕ್ಷಮೆ ಕೇಳಬೇಕು ಎಂದರು. ಮರುದಿನ ಕಾಂಗ್ರೆಸ್ಸಿನ ಶಾಸಕಿಯರು ಈ ವಿಷಯ ಎತ್ತಲು ಎದ್ದು ನಿಂತರು. ರಮೇಶ್ ಕುಮಾರ್ ಕ್ಷಮೆ ಕೇಳಿದರು. ಕ್ಷಮೆ ಕೇಳಿ ಆಯಿತಲ್ಲ, ಇನ್ನು ಬೆಳೆಸಬೇಡಿ ಎಂದು ವಿಷಯಕ್ಕೆ ತೆರೆ ಎಳೆದದ್ದೂ ಆಯಿತು. ಶಾಸಕಿಯರು ಸಿಟ್ಟಾದದ್ದು ಸ್ವಂತ ಪಕ್ಷದವರ ಮೇಲೆ ಎಂಬುದನ್ನು ಮರೆಯಬೇಡಿ. ಪಕ್ಷದ ಶಿಸ್ತು ಮುರಿದರೆ ಮುಂದಿನ ಟಿಕೀಟು ಏನಾಗುತ್ತದೋ ಎಂಬ ಲೆಕ್ಕ ಅವರಿಗೂ ಗೊತ್ತಿತ್ತು.

ಇನ್ನೊಂದು 2024ರ ಡಿಸೆಂಬರ್ 19. ಬೆಳಗಾವಿ ಝಗಮಗ ಎನ್ನುತ್ತಿದ್ದ ದಿನಗಳವು. 1924ರ ಕಾಂಗ್ರೆಸ್ ಅಧಿವೇಶನಕ್ಕೆ ನೂರು ವರ್ಷ ತುಂಬುತ್ತಿತ್ತು, ಊರೆಲ್ಲ ದೀಪ. ಕಿತ್ತೂರಿನಲ್ಲಿ ಚೆನ್ನಮ್ಮನ ಪಡೆ ಥ್ಯಾಕರೆಯನ್ನು ನೆಲಕ್ಕುರುಳಿಸಿದ ಗೆಲುವಿಗೆ ಇನ್ನೂರು ತುಂಬಿ ಎರಡು ತಿಂಗಳೂ ಆಗಿರಲಿಲ್ಲ. ಅಂದು ವಿಧಾನ ಪರಿಷತ್ತಿನಲ್ಲಿ ಗದ್ದಲ ಎದ್ದು ಸದನ ಮುಂದೂಡಿದ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆಯಿತು. ಬಿಜೆಪಿಯ ಸಿ.ಟಿ. ರವಿ ತಮ್ಮನ್ನು ಅತ್ಯಂತ ಕೀಳು ಶಬ್ದದಿಂದ ಕರೆದರೆಂದು ಸಚಿವೆ ಹೆಬ್ಬಾಳಕರ ದೂರಿದರು. ತಾವು ಆ ಶಬ್ದ ಆಡಿಲ್ಲ, ಹೇಳಿದ್ದೇ ಬೇರೆ ಎಂದು ರವಿ ಅಂದಿನಿಂದಲೂ ನಿರಾಕರಿಸಿದ್ದಾರೆ. ಆ ಶಬ್ದವನ್ನು ನಾವಿಲ್ಲಿ ಅಚ್ಚು ಹಾಕುವುದಿಲ್ಲ. ಯಾರದು ಸತ್ಯ ಎಂದು ತೀರ್ಪು ಕೊಡುವುದೂ ಪತ್ರಿಕೆಯ ಕೆಲಸವಲ್ಲ. ಹಿರೇಬಾಗೇವಾಡಿ ಠಾಣೆಯಲ್ಲಿ ದೂರು ದಾಖಲಾಯಿತು. ಹಚ್ಚಿದ ಕಲಂಗಳು ಭಾರತೀಯ ನ್ಯಾಯ ಸಂಹಿತೆಯ 75 ಮತ್ತು 79. ಮೊದಲನೆಯದು ಲೈಂಗಿಕ ಕಿರುಕುಳ, ಎರಡನೆಯದು ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು.

ಅಂದು ರಾತ್ರಿ ನಡೆದದ್ದೇ ಈ ಲೇಖನದ ಮುಖ್ಯ ಸಂಗತಿ. ಸುವರ್ಣಸೌಧದೊಳಗೇ ರವಿಯವರ ಮೇಲೆ ಕೆಲವರು ಏರಿ ಹೋದರು. ಪೋಲೀಸರು ಅವರನ್ನು ಬಂಧಿಸಿ ಖಾನಾಪುರ ಠಾಣೆಗೆ ತಂದರು. ಬಿಜೆಪಿಯ ನಾಯಕರು ಖಾನಾಪುರಕ್ಕೆ ಓಡಿದರು. ಠಾಣೆಯಲ್ಲಿ ಧರಣಿ, ರವಿಯವರ ತಲೆಗೆ ಗಾಯ, ಆಮೇಲೆ ಇಡೀ ರಾತ್ರಿ ಪೋಲೀಸ್ ವಾಹನದಲ್ಲಿ ಊರಿಂದೂರಿಗೆ ಸುತ್ತಾಟ. ಮರುದಿನ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿಸಿತು. ಬೆಳಗಾಗುವಷ್ಟರಲ್ಲಿ ಟಿವಿಯಲ್ಲಿ ಓಡುತ್ತಿದ್ದ ಪ್ರಶ್ನೆಗಳು ಬೇರೆಯಾಗಿದ್ದವು. ಗಾಯ ಹೇಗಾಯಿತು? ಯಾರ ಹುಕುಮಿನ ಮೇಲೆ ಸುತ್ತಾಡಿಸಿದರು? ಯಾವ ಪಕ್ಷಕ್ಕೆ ಲಾಭ?

ಒಬ್ಬ ಆರೋಪಿಯನ್ನು ಪೋಲೀಸರು ಹಾಗೆ ರಾತ್ರಿಯಿಡೀ ತಿರುಗಿಸುವುದು ತಪ್ಪು. ಆತ ಶಾಸಕನಿರಲಿ, ಹಮಾಲನಿರಲಿ. ಗುಂಪು ಕಟ್ಟಿ ಮೈಮೇಲೆ ಬೀಳುವುದಂತೂ ಗೂಂಡಾಗಿರಿ. ಆದರೆ ಇದರಿಂದ ನಷ್ಟ ಆದದ್ದು ಯಾರಿಗೆ? ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರಿನ ಸುಮಾರು ದಾರಿ. ಆ ದಾರಿಯಲ್ಲಿ ಎಲ್ಲೋ ಒಬ್ಬ ಹೆಣ್ಣುಮಗಳ ದೂರು ಕಳೆದುಹೋಯಿತು. ಉಳಿದದ್ದು ಎರಡು ಪಕ್ಷಗಳ ಕುಸ್ತಿ.

ಸಭಾಪತಿ ಬಸವರಾಜ ಹೊರಟ್ಟಿಯವರು ಆ ಮಾತು ಸದನದ ಧ್ವನಿಮುದ್ರಣದಲ್ಲಿ ಇಲ್ಲ ಎಂದರು. ಸಿಐಡಿ ತನಿಖೆ ಮಾಡಬಹುದೇ, ಅದು ಸದನದ ವ್ಯಾಪ್ತಿಯೇ ಎಂಬ ಜಗ್ಗಾಟ ಎದ್ದಿತು. 2025ರ ಮೇ 2ರಂದು ಹೈಕೋರ್ಟು ಪ್ರಕರಣ ರದ್ದು ಮಾಡಲು ಒಪ್ಪಲಿಲ್ಲ, ಇಂಥ ಆರೋಪಕ್ಕೆ ಶಾಸಕರ ವಿಶೇಷ ಹಕ್ಕಿನ ಆಸರೆ ಸಿಗದು ಎಂದಿತು. ಆಮೇಲೆ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಅದು ಅದರ ದಾರಿಯಲ್ಲಿ ಹೋಗಲಿ.

ನಾವು ಹಿಡಿದುಕೊಳ್ಳಬೇಕಾದದ್ದು ಧ್ವನಿಮುದ್ರಣದ ಮಾತನ್ನು. ಮೈಕು ಬಂದಾಗಿತ್ತು, ದಾಖಲೆ ಇಲ್ಲ. ಹೌದಪ್ಪ, ಇಂಥ ಮಾತುಗಳು ಮೈಕು ಬಂದಾದಾಗಲೇ ಅಲ್ಲವೇ ಬರುವುದು? ಉದ್ಯಮಬಾಗದ ಫೌಂಡ್ರಿಯಲ್ಲಿ ಕೋರ್ ತಯಾರಿಸುವ ಹೆಣ್ಣುಮಗಳ ಹಿಂದೆ ಬಂದು ನಿಲ್ಲುವ ಸೂಪರ್‌ವೈಸರನು ಮೊದಲು ಕ್ಯಾಮೆರಾ ಎಲ್ಲಿದೆ ಎಂದು ನೋಡಿಕೊಂಡೇ ನಿಲ್ಲುತ್ತಾನೆ. ಡಿಪೋದಲ್ಲಿ ರೂಟು ಹಂಚುವವನು, ಒಳ್ಳೆಯ ಡ್ಯೂಟಿ ಬೇಕಾದರೆ ಒಬ್ಬಳೇ ಬಂದು ಕೇಳು ಎಂದು ಕಂಡಕ್ಟರಮ್ಮನಿಗೆ ಹೇಳುವುದು ಕಾಗದದ ಮೇಲಲ್ಲ. ಇಟ್ಟಂಗಿ ಭಟ್ಟಿಯ ಮುಕಾದಮ ಪಗಾರ ಕೊಡುವಾಗ ಕೈ ಹಿಡಿದು ಬಿಡದೇ ಇದ್ದರೆ ಅದಕ್ಕೆ ಸಾಕ್ಷಿ ಅವಳ ಹಿಂದೆ ನಿಂತ ಇನ್ನೊಬ್ಬ ಕೂಲಿ ಹೆಂಗಸು. ಆಕೆಗೂ ನಾಳೆ ಪಗಾರ ಬೇಕು.

ರಾಜ್ಯದ ಮಂತ್ರಿಯೊಬ್ಬರು, ಸುತ್ತ ಎಪ್ಪತ್ತು ಜನ ಕೂತ ಸದನದಲ್ಲಿ ಹೀಗೆ ಆಯಿತು ಎಂದು ಹೇಳಿದರೂ ದಾಖಲೆ ಇಲ್ಲ ಎಂಬ ಉತ್ತರ ಬರುತ್ತದೆ. ಹಾಗಿದ್ದ ಮೇಲೆ ಈ ಹೆಣ್ಣುಮಕ್ಕಳ ಗತಿ ಏನು? ಅವರಿಗಾಗಿ ಒಂದು ಕಾಯ್ದೆ ಇದೆ. ಅದು ಬಂದ ಕಥೆಯನ್ನು ನಮ್ಮ ಹುಡುಗರು ತಿಳಿದಿರಬೇಕು.

ರಾಜಸ್ಥಾನದ ಭಟೇರಿ ಎಂಬ ಹಳ್ಳಿ. ಭಂವರಿ ದೇವಿ ಎಂಬ ಕುಂಬಾರ ಹೆಣ್ಣುಮಗಳು ಸರಕಾರದ ಮಹಿಳಾ ಯೋಜನೆಯಲ್ಲಿ ‘ಸಾಥಿನ್’ ಆಗಿದ್ದರು. ಸಣ್ಣ ಗೌರವಧನದ ಕೆಲಸ, ನಮ್ಮ ಅಂಗನವಾಡಿ ಅಕ್ಕಂದಿರ ಹಾಗೆ. ಹಸುಗೂಸಿನ ಮದುವೆ ತಡೆಯಲು ಹೋದದ್ದು ಆಕೆ ಮಾಡಿದ ತಪ್ಪು. 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂಬ ದೂರು ದಾಖಲಾಯಿತು. 1995ರಲ್ಲಿ ಜೈಪುರದ ಕೋರ್ಟು ಆರೋಪಿಗಳನ್ನು ಆ ಆರೋಪದಿಂದ ಬಿಟ್ಟಿತು. ಮಹಿಳಾ ಸಂಘಟನೆಗಳು ವಿಶಾಖಾ ಎಂಬ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಬೇರೆಯದೇ ಪ್ರಶ್ನೆ ಕೇಳಿದವು. ಸರಕಾರದ ಕೆಲಸ ಮಾಡುತ್ತಿದ್ದಾಗ ಆಕೆಗೆ ಈ ಗತಿ ಬಂತು, ಹಾಗಾದರೆ ಕೆಲಸ ಕೊಟ್ಟವರ ಹೊಣೆ ಏನು? 1997ರ ಆಗಸ್ಟ್ 13ರಂದು ನ್ಯಾಯಮೂರ್ತಿ ವರ್ಮಾ ಅವರ ಪೀಠ ಉತ್ತರ ಕೊಟ್ಟಿತು. ಪ್ರತಿ ಕೆಲಸದ ಜಾಗದಲ್ಲಿ ದೂರು ಸಮಿತಿ ಇರಬೇಕು, ಅದರ ಮುಖ್ಯಸ್ಥೆ ಹೆಣ್ಣೇ ಆಗಿರಬೇಕು, ಹೊರಗಿನವರೊಬ್ಬರು ಇರಬೇಕು. ಆ ಮಾತನ್ನು ಕಾಯ್ದೆ ಮಾಡಲು ದಿಲ್ಲಿಗೆ ಇನ್ನೂ 16 ವರ್ಷ ಹಿಡಿಯಿತು. ಭಂವರಿಗೆ ಮಾತ್ರ ನ್ಯಾಯ ಸಿಕ್ಕಲಿಲ್ಲ.

ಕುಂಬಾರ ಹೆಣ್ಣುಮಗಳು ಎಂದಾಗ ನಮಗೆ ಖಾನಾಪುರ ನೆನಪಾಗುತ್ತದೆ. ಮಣ್ಣಿಗೆ ಹೆಸರಾದ ತಾಲೂಕು. ಹೆಂಚಿನ ಕಾರ್ಖಾನೆ, ಇಟ್ಟಂಗಿ ಭಟ್ಟಿ, ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೂ ಅಲ್ಲೇ ಇದೆ. ಕಾಡಂಚಿನ ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಸಂಘಟಿಸಿದ ಜಾಗೃತಿ ಮಹಿಳಾ ಒಕ್ಕೂಟದಂಥವರೂ ಈ ತಾಲೂಕಿನವರೇ. ಪಂಚಾಯಿತಿ ಕಚೇರಿಯ ಮುಂದೆ ಕೂತು ಕೆಲಸ ಕೊಡಿ ಎಂದು ಕೇಳುವುದನ್ನು ಆ ಹೆಣ್ಣುಮಕ್ಕಳಿಗೆ ಯಾರೂ ಕಲಿಸಿಕೊಡಬೇಕಿಲ್ಲ.

ಭಟ್ಟಿಯಲ್ಲಿ ಎಂಟು ಜನ ದುಡಿಯುತ್ತಿದ್ದರೆ ಅಲ್ಲಿ ಸಮಿತಿ ಇರುವುದಿಲ್ಲ. ಮನೆಗೆಲಸದಾಕೆಗೂ ಇರುವುದಿಲ್ಲ. ಕಿರುಕುಳ ಕೊಡುವವನೇ ಮಾಲೀಕನಾದರೆ ಅವನೇ ನೇಮಿಸಿದ ಸಮಿತಿಯಿಂದ ಏನು ಉಪಯೋಗ? ಅದಕ್ಕೆಂದೇ ಕಾಯ್ದೆ ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಸಮಿತಿ ಇಡಬೇಕು ಎನ್ನುತ್ತದೆ. ಪ್ರತಿ ತಾಲೂಕಿನಲ್ಲಿ, ಪಟ್ಟಣದ ಪ್ರತಿ ವಾರ್ಡಿನಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಆತ ದೂರು ತೆಗೆದುಕೊಂಡು ಏಳು ದಿನದೊಳಗೆ ಜಿಲ್ಲೆಯ ಸಮಿತಿಗೆ ಮುಟ್ಟಿಸಬೇಕು. ಲೋಂಡಾ ಕಡೆಯ ಹೆಣ್ಣುಮಗಳು ಬಸ್ಸು ಹಿಡಿದು ಬೆಳಗಾವಿಗೆ ಬರಬೇಕಾಗಿಲ್ಲ ಎಂಬುದೇ ಇದರ ಅರ್ಥ. ಖಾನಾಪುರದ ಆ ಅಧಿಕಾರಿ ಯಾರು? ಈ ಪತ್ರಿಕೆ ಓದುವ ಖಾನಾಪುರದ ಹುಡುಗರೇ, ನಿಮ್ಮಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತು?

ಸಿಟ್ಟಿಗೇಳಬೇಡಿ, ದೇಶದಲ್ಲೇ ಹೀಗಿದೆ. ಪಕ್ಕದ ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದನ್ನು ಹಿಡಿದು ಸುಪ್ರೀಂ ಕೋರ್ಟು 2023ರ ಮೇ 12ರಂದು ಈ ಕಾಯ್ದೆಯ ಜಾರಿ ಎಷ್ಟು ಶೋಚನೀಯ ಎಂದು ಬೇಸರ ಪಟ್ಟಿತು. 2024ರ ಡಿಸೆಂಬರ್ 3ರಂದು ಅದೇ ಪ್ರಕರಣದಲ್ಲಿ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಎಲ್ಲ ರಾಜ್ಯಗಳಿಗೂ ಗಡುವು ಹಾಕಿತು. ಡಿಸೆಂಬರ್ 31ರೊಳಗೆ ಜಿಲ್ಲಾ ಅಧಿಕಾರಿ, ಜನವರಿ 31ರೊಳಗೆ ಸ್ಥಳೀಯ ಸಮಿತಿ, ತಾಲೂಕಿಗೆ ನೋಡಲ್ ಅಧಿಕಾರಿ. ತಾರೀಖು ನೋಡಿ. ಇದಾಗಿ 16 ದಿನಕ್ಕೆ ಸುವರ್ಣಸೌಧದ ಪ್ರಸಂಗ. ಈ ಕಾಯ್ದೆಯ ಕೆಲಸ ಬರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ. ಆಗ ಆ ಖಾತೆ ಇದ್ದದ್ದು ಹೆಬ್ಬಾಳಕರ ಅವರ ಕೈಯಲ್ಲೇ. ತಮಗಾದ ನೋವನ್ನು ಧೈರ್ಯವಾಗಿ ಹೇಳಿಕೊಂಡ ಅಕ್ಕನಿಗೆ ನಾವು ಕೇಳುವುದಿಷ್ಟೆ: ನಿಮ್ಮ ದೂರಿಗೆ ಅಂದು ರಾತ್ರಿ ಇಡೀ ಪೋಲೀಸ್ ಇಲಾಖೆ ಎದ್ದು ಕೂತಿತು. ಭಟ್ಟಿಯ ಹೆಂಗಸಿನ ದೂರು ತೆಗೆದುಕೊಳ್ಳಲು ತಾಲೂಕಿಗೆ ಒಂದು ಕುರ್ಚಿಯಾದರೂ ಹಾಕಿಸಿದಿರಾ?

ಬಿಜೆಪಿಯವರು ಇದನ್ನು ಓದಿ ಚಪ್ಪಾಳೆ ತಟ್ಟಬೇಕಾಗಿಲ್ಲ. 2012ರ ಫೆಬ್ರುವರಿಯಲ್ಲಿ ವಿಧಾನಸಭೆಯೊಳಗೆ ಮೊಬೈಲಿನಲ್ಲಿ ಅಶ್ಲೀಲ ಚಿತ್ರ ನೋಡಿದ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟ ಮೂವರು ನಿಮ್ಮ ಮಂತ್ರಿಗಳು. ಅವರಲ್ಲಿ ಒಬ್ಬರ ಕೈಯಲ್ಲಿದ್ದದ್ದು ಇದೇ ಮಹಿಳಾ ಮತ್ತು ಮಕ್ಕಳ ಖಾತೆ.

ಈಗ ನಮ್ಮ ಸರದಿ. ಕನ್ನಡ ಚಳವಳಿಯವರು ಕನ್ನಡಿ ನೋಡಿಕೊಳ್ಳದೆ ಊರಿಗೆಲ್ಲ ಬುದ್ಧಿ ಹೇಳಿದರೆ ಯಾರು ಕೇಳುತ್ತಾರೆ?

2025ರ ಫೆಬ್ರುವರಿ 21ರಂದು ಬಾಳೇಕುಂದ್ರಿ ದಾರಿಯಲ್ಲಿ ಮರಾಠಿ ಬರುವುದಿಲ್ಲ ಎಂದ ಬಸ್ ಕಂಡಕ್ಟರನ ಮೇಲೆ ಹಲ್ಲೆ ನಡೆಯಿತು. ನಾವು ಬೀದಿಗಿಳಿದೆವು, ಸರಿಯಾಗಿಯೇ ಇಳಿದೆವು. ನಡುವೆ ಆ ಕಂಡಕ್ಟರನ ಮೇಲೆ ಪ್ರಯಾಣಿಕ ಹುಡುಗಿಯ ಕಡೆಯಿಂದ ಪೋಕ್ಸೋ ದೂರು ಬಂತು. ಆತ ಅದನ್ನು ಅಲ್ಲಗಳೆದರು. ಭಾಷೆಯ ಜಗಳದ ಬಣ್ಣ ಬಂತೆಂದು ಬೇಸತ್ತು ಆ ಮನೆಯವರು ಕೆಲವು ದಿನಕ್ಕೆ ದೂರು ಹಿಂದಕ್ಕೆ ಪಡೆಯುವುದಾಗಿ ಹೇಳಿದರು. ದೂರು ನಿಜವೋ ಸುಳ್ಳೋ ಎಂದು ಈಗಲೂ ನಾವು ಹೇಳುವುದಿಲ್ಲ, ಹೇಳುವ ಅಧಿಕಾರವೂ ನಮಗಿಲ್ಲ. ಆದರೆ ಆ ಸಂಜೆಯನ್ನು ನೆನಪಿಸಿಕೊಳ್ಳಿ. ತನಿಖೆಯ ಒಂದು ಹಾಳೆ ತಿರುವುವ ಮೊದಲೇ ನಮ್ಮವರು ಅದು ಸುಳ್ಳು ಎಂದು ಕೂಗಿದರು. ಆ ಕಡೆಯವರು ಅದು ನಿಜ ಎಂದು ಕೂಗಿದರು. ಎರಡೂ ಕಡೆಯವರು ನೋಡಿದ್ದು ಯಾರ ಮಾತೃಭಾಷೆ ಯಾವುದು ಎಂಬುದನ್ನು. ಸುವರ್ಣಸೌಧದಲ್ಲಿ ಪಕ್ಷ ನೋಡಿದ ಹಾಗೆ ಇಲ್ಲಿ ಭಾಷೆ ನೋಡಿದೆವು.

ಖಾನಾಪುರದಲ್ಲಿ, ಬೆಳಗಾವಿಯ ವಡಗಾವಿ, ಶಹಾಪುರದಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ಕನ್ನಡದವರಿದ್ದಾರೆ, ಮರಾಠಿಯವರಿದ್ದಾರೆ, ಉರ್ದು, ಕೊಂಕಣಿ ಮಾತಾಡುವವರಿದ್ದಾರೆ. ಕಿರುಕುಳ ಕೊಡುವವನು ಇವಳ ಮನೆಮಾತು ಯಾವುದೆಂದು ಕೇಳಿ ಕೈ ಹಾಕುವುದಿಲ್ಲ. ನಾಳೆ ಒಬ್ಬ ಮರಾಠಿ ಹೆಣ್ಣುಮಗಳು ಕನ್ನಡದ ಮೇಸ್ತ್ರಿಯ ಮೇಲೆ ದೂರು ಕೊಟ್ಟರೆ ನಾವು ಮೇಸ್ತ್ರಿಯ ಪರ ಘೋಷಣೆ ಕೂಗಲು ಹೋಗಬಾರದು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಕೇಳಿಸಿಕೊಂಡು ಬರೆದುಕೊಳ್ಳಿ ಎಂದು ಸಮಿತಿಗೆ ಹೇಳಬೇಕು. ಈ ಮಾತು ಕೆಲವು ಗೆಳೆಯರಿಗೆ ಕಹಿಯಾಗಬಹುದು. ಆಗಲಿ. ಬರೆಯದೇ ಇದ್ದರೆ ನಮಗೇ ಕಹಿ.

ಹಾಗಾದರೆ ಕನ್ನಡಕ್ಕೆ ಇಲ್ಲಿ ಏನು ಕೆಲಸ ಎನ್ನುವಿರಾ? ಬೇಕಾದಷ್ಟಿದೆ. ಒಳಗೋಡೆಯ ಬೋರ್ಡು ಯಾವ ಭಾಷೆಯಲ್ಲಿರಬೇಕೆಂದು ಕಾಯ್ದೆ ಹೇಳುವುದಿಲ್ಲ. ಕಂಪನಿಗಳಿಗೆ ಅದೇ ಅನುಕೂಲ. ಬೆಂಗಳೂರು, ಪುಣೆಯ ಆಫೀಸುಗಳಲ್ಲಿ ಕೆಲಸ ಮಾಡುವ ನಿಮಗೆ ಗೊತ್ತಿದೆ, ವರ್ಷಕ್ಕೊಮ್ಮೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಪಾಠ ಬರುತ್ತದೆ, ಚಹಾ ಕುಡಿಯುತ್ತ ಒತ್ತಿ ಮುಗಿಸುತ್ತೀರಿ. ಅದೇ ಕಟ್ಟಡದಲ್ಲಿ ನೆಲ ಒರೆಸುವ ರಾಯಬಾಗದ ಹೆಣ್ಣುಮಗಳಿಗೆ ಆ ಪಾಠವೂ ಇಲ್ಲ, ಪಾಠ ಇದೆ ಎಂಬ ಸುದ್ದಿಯೂ ಇಲ್ಲ. ಅವಳು ಗುತ್ತಿಗೆಯವಳು. ಗುತ್ತಿಗೆಯವರಿಗೂ, ದಿನಗೂಲಿಯವರಿಗೂ, ಕೆಲಸ ಕಲಿಯಲು ಬಂದವರಿಗೂ ಕಾಯ್ದೆ ಅನ್ವಯಿಸುತ್ತದೆ ಎಂದು ಅವಳಿಗೆ ಯಾರು ಹೇಳಬೇಕು? ದೂರನ್ನು ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಬರೆಯಲು ಬಾರದಿದ್ದರೆ ಬರೆದುಕೊಡುವ ಹೊಣೆ ಸಮಿತಿಯದೇ. ತೊಂಬತ್ತು ದಿನದೊಳಗೆ ವಿಚಾರಣೆ ಮುಗಿಯಬೇಕು. ವಿಚಾರಣೆ ನಡೆಯುವಾಗ ಅವನ ಕೈಕೆಳಗೆ ದುಡಿಯಲಾರೆ ಎಂದರೆ ವರ್ಗ ಕೇಳಬಹುದು, ಮೂರು ತಿಂಗಳವರೆಗೆ ರಜೆ ಕೇಳಬಹುದು. ಕನ್ನಡದ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಈ ವಿಷಯವನ್ನು ಇಂಗ್ಲಿಷಿನ ನಲವತ್ತು ಪುಟದಲ್ಲಿ ಮುಚ್ಚಿಟ್ಟಿದ್ದಾರೆ. ವಿಚಾರಣೆಯ ಕಾಗದವೂ ಇಂಗ್ಲಿಷಿನಲ್ಲಿ ಬಂದರೆ ತಾನು ಹೇಳಿದ್ದನ್ನೇ ಬರೆದಿದ್ದಾರೋ ಇಲ್ಲವೋ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಬೇಕು. ಇದಕ್ಕಿಂತ ದೊಡ್ಡ ಭಾಷಾ ಹೋರಾಟ ಯಾವುದಿದೆ, ಹೇಳಿ?

ಗಂಡುಹುಡುಗರು ಕೂಡಲೇ ಕೇಳುವ ಪ್ರಶ್ನೆ ನಮಗೂ ಗೊತ್ತು. ಸುಳ್ಳು ದೂರು ಕೊಟ್ಟರೆ? ಬೇಕೆಂದೇ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮ ತೆಗೆದುಕೊಳ್ಳಲು 14ನೇ ಕಲಂ ಇದೆ. ಆದರೆ ಸಾಕ್ಷಿ ಸಾಲಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಆರೋಪಿಗೆ ದೂರಿನ ಪ್ರತಿ ಕೊಡಬೇಕು, ಅವನ ಮಾತು ಕೇಳಬೇಕು, ಅವನ ಸಾಕ್ಷಿ ಕೇಳಬೇಕು. ಗೋವಾದ ಆ ಪ್ರಕರಣದಲ್ಲಿ ಆದದ್ದೇ ಇದು. ವಿಶ್ವವಿದ್ಯಾಲಯ ಅಧ್ಯಾಪಕರೊಬ್ಬರನ್ನು ಕೆಲಸದಿಂದ ತೆಗೆದಿತ್ತು. ಸಮಿತಿ ಅವಸರ ಮಾಡಿತು, ಅವರಿಗೆ ತಮ್ಮ ಮಾತು ಹೇಳಲು ಸರಿಯಾದ ಅವಕಾಶ ಕೊಡಲಿಲ್ಲ ಎಂದು ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡಿ ವಿಚಾರಣೆಯನ್ನು ಹಿಂದಕ್ಕೆ ಕಳಿಸಿತು. ವರ್ಷಗಟ್ಟಲೆ ಕಾದ ದೂರುದಾರರಿಗೆ ಮತ್ತೆ ಮೊದಲಿನಿಂದ ಅದೇ ಪಾಡು. ಅವಸರದ ನ್ಯಾಯದಿಂದ ಎರಡೂ ಕಡೆಗೂ ಪೆಟ್ಟು. ಖಾನಾಪುರ ಠಾಣೆಯ ಆ ರಾತ್ರಿಯೂ ಇದನ್ನೇ ತೋರಿಸಿತಲ್ಲವೇ?

ಇನ್ನೊಂದು ಮಾತು, ನಮ್ಮ ಮನೆಯೊಳಗಿನದು. ಕೆಲಸ ಮಾಡದ ಅಧಿಕಾರಿಗೆ ಬಳೆ, ಸೀರೆ, ಕುಂಕುಮ ಕೊಡುವ ಪ್ರತಿಭಟನೆಯನ್ನು ಇನ್ನು ನಿಲ್ಲಿಸಿ. ಗಂಡುಮೆಟ್ಟಿದ ನಾಡು ಎಂದು ಎದೆ ತಟ್ಟಿಕೊಳ್ಳುತ್ತ ಚೆನ್ನಮ್ಮ ಸರ್ಕಲ್ಲಿನಲ್ಲಿ ನಿಂತು ಬಳೆ ಹಿಡಿದು, ಇದನ್ನು ತೊಟ್ಟುಕೋ ಎಂದು ಕೂಗುತ್ತೀರಿ. ನಿಮ್ಮ ತಲೆಯ ಮೇಲೆ ಕತ್ತಿ ಹಿಡಿದು ಕೂತ ಆ ಹೆಣ್ಣುಮಗಳ ಕೈಯಲ್ಲಿ ಇದ್ದದ್ದೂ ಬಳೆಯೇ. ಬಳೆ ತೊಟ್ಟವರೆಂದರೆ ಕೈಲಾಗದವರು ಎಂದು ಮೈಕಿನಲ್ಲಿ ಹೇಳಿದ ಸಂಘಟನೆಯ ಬಳಿ ಕಿರುಕುಳಕ್ಕೊಳಗಾದ ಯಾವ ಹೆಣ್ಣು ಬಂದು ಕಷ್ಟ ಹೇಳಿಕೊಂಡಾಳು? ನಮ್ಮ ಮಹಿಳಾ ಘಟಕದ ಅಕ್ಕಂದಿರನ್ನು ಕರೆಯುವುದು ರಾಜ್ಯೋತ್ಸವದ ದಿನ ಆರತಿ ತಟ್ಟೆ ಹಿಡಿಯಲು, ಮೆರವಣಿಗೆಯಲ್ಲಿ ಪೂರ್ಣಕುಂಭ ಹೊರಲು. ವೇದಿಕೆಯ ಕುರ್ಚಿಗಳಲ್ಲಿ ಅವರು ಎಷ್ಟು ಜನ? ರಾತ್ರಿ ಮೀಟಿಂಗಿನಿಂದ ಮನೆಗೆ ಮುಟ್ಟಿಸುವಾಗ ಕಾರಿನಲ್ಲಿ ನಡೆಯುವ ಚೇಷ್ಟೆಯ ಮಾತನ್ನು ಅವರು ಯಾರ ಮುಂದೆ ಹೇಳಬೇಕು?

ಬೆಳಗಾವಿಯ ಆ 1924ರ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದವರಲ್ಲಿ ಗಂಗೂಬಾಯಿ ಹಾನಗಲ್ಲರೂ ಒಬ್ಬರು, ಆಗಿನ್ನೂ ಪುಟ್ಟ ಹುಡುಗಿ. ಗಾಂಧಿ ಮುಂದೆ ಹಾಡಿದ ಹುಡುಗಿ ಎಂದು ಈಗ ಭಾಷಣಗಳಲ್ಲಿ ಕೊಂಡಾಡುತ್ತೇವೆ. ಹಾಡುವುದೇ ಕೆಲಸವಾದ ಮೇಲೆ ಓಣಿಯಲ್ಲಿ ಆಕೆ ನಡೆದು ಹೋದರೆ ಗಾನೇವಾಲಿ ಎಂದು ಕೂಗಿ ಹಂಗಿಸುತ್ತಿದ್ದರಂತೆ. ದುಡಿಯಲು ಹೊರಗೆ ಬಂದವಳಿಗೆ ಒಂದು ಹೆಸರಿಡುವ ಚಾಳಿ ನಮ್ಮ ನೆಲದಲ್ಲಿ ಹಳೆಯದು.

ಆದ್ದರಿಂದ ಶಾಖೆಗಳಿಗೆ ಕೆಲಸ ಹೇಳುತ್ತಿದ್ದೇವೆ. ಬರುವ ತಿಂಗಳು ಪ್ರತಿ ಶಾಖೆಯೂ ತನ್ನ ವ್ಯಾಪ್ತಿಯ ಐದು ಜಾಗ ನೋಡಲಿ. ಒಂದು ಫೌಂಡ್ರಿ, ಒಂದು ಆಸ್ಪತ್ರೆ, ಒಂದು ಕಾಲೇಜು, ಒಂದು ಬಟ್ಟೆ ಅಂಗಡಿ, ಒಂದು ಸರಕಾರಿ ಕಚೇರಿ. ಶಾಲು ಹಾಕಿಕೊಂಡು ಐವತ್ತು ಜನ ನುಗ್ಗಬೇಡಿ. ಇಬ್ಬರು ಹೋಗಿ, ಅವರಲ್ಲಿ ಒಬ್ಬರು ಹೆಣ್ಣಾಗಿರಲಿ. ಸಮಿತಿಯ ಆದೇಶ ಗೋಡೆಯ ಮೇಲಿದೆಯೇ, ಕನ್ನಡದಲ್ಲಿದೆಯೇ, ನೆಲ ಗುಡಿಸುವವರಿಗೆ ಅದು ಕಾಣುವ ಜಾಗದಲ್ಲಿದೆಯೇ, ಇಷ್ಟೇ ನೋಡಿ. ಸಾಹೇಬರ ಕೋಣೆಯ ಬಾಗಿಲ ಹಿಂದೆ ಅಂಟಿಸಿದ್ದರೆ ಅದನ್ನೂ ಬರೆಯಿರಿ. ಖಾನಾಪುರ ಶಾಖೆಯವರು ತಾಲೂಕಿನ ನೋಡಲ್ ಅಧಿಕಾರಿಯ ಹೆಸರು ಕೇಳಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ, ಅರ್ಜಿ ಕನ್ನಡದಲ್ಲಿರಲಿ, ಉತ್ತರವೂ ಕನ್ನಡದಲ್ಲೇ ಬರಲಿ. ಬೆಳಗಾವಿ ನಗರದವರು ಜಿಲ್ಲಾ ಸಮಿತಿಯಲ್ಲಿ ಯಾರು ಯಾರಿದ್ದಾರೆ ಎಂದು ಕೇಳಲಿ. ನಮ್ಮ ಸಂಘಟನೆಯ ಕಚೇರಿಯ ಗೋಡೆಯಿಂದಲೇ ಶುರುವಾಗಲಿ ಎಂದು ಜಿಲ್ಲಾ ಸಮಿತಿಯ ಹಿರಿಯರನ್ನೂ ಕೇಳಿಕೊಳ್ಳುತ್ತೇವೆ. ಬಂದ ವರದಿಗಳನ್ನು ಜಾಗದ ಹೆಸರಿನೊಂದಿಗೆ ಒಂದೊಂದಾಗಿ ಪ್ರಕಟಿಸುತ್ತೇವೆ.

ಹೋದಾಗ ಯಾರಾದರೂ ಹೆಣ್ಣುಮಗಳು ಮೆಲ್ಲಗೆ ಏನಾದರೂ ಹೇಳಿಕೊಂಡರೆ ಸಮಿತಿಯ ದಾರಿ, ಠಾಣೆಯ ದಾರಿ ಎರಡನ್ನೂ ತಿಳಿಸಿ, ಬರೆಯಲು ಸಹಾಯ ಕೇಳಿದರೆ ಮಾಡಿ. ದೂರುದಾರಳ ಗುರುತು ಹೊರಗೆ ಬಿಡುವುದನ್ನು ಕಾಯ್ದೆಯ 16ನೇ ಕಲಂ ನಿಷೇಧಿಸುತ್ತದೆ. ಫೋಟೋ ತೆಗೆಯಬೇಡಿ. ವಾಟ್ಸಾಪಿನಲ್ಲಿ ಹಾಕಬೇಡಿ. ಹೆಸರನ್ನು ನಮಗೂ ಕಳಿಸಬೇಡಿ, ಕಳಿಸಿದರೂ ಈ ಪತ್ರಿಕೆಯಲ್ಲಿ ಅದು ಅಚ್ಚಾಗುವುದಿಲ್ಲ.